ಕೊಳವೆಬಾವಿಯ ಮೀಟರನ್ನು ದೂರದಿಂದ ಓದುವ ಬಗೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳಲ್ಲಿ ಅಡಿಕೆ ಸಸಿ ನೆಟ್ಟವರಲ್ಲಿ ಹೆಚ್ಚಿನವರು ಮಳೆಯನ್ನು ನಂಬಿ ನೆಟ್ಟವರಲ್ಲ, ಕೊಳವೆಬಾವಿಯನ್ನು ನಂಬಿ ನೆಟ್ಟವರು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಆ ನಂಬಿಕೆಗೂ ಪೆಟ್ಟು ಬಿದ್ದಿತು. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ, ಬಾವಿಯಲ್ಲಿ ನೀರಿಳಿದು ಮೋಟರು ಒಣಗಿ ಓಡುತ್ತಿರುವುದು ಬೆಳಗಿನವರೆಗೆ ಯಾರಿಗೂ ತಿಳಿಯದು. ಸುಟ್ಟ ಮೋಟರನ್ನು ಮೇಲೆತ್ತಿ ವೈಂಡಿಂಗ್ ಮಾಡಿಸುವ ಖರ್ಚು ಎಷ್ಟೆಂಬುದು ತಮಗೆ ಗೊತ್ತೇ ಇದೆ.

ಮೊಬೈಲ್ ಸ್ಟಾರ್ಟರ್ ಈಗ ಅನೇಕರ ಬಳಿ ಇದೆ. ಆದರೆ ಅದರಲ್ಲಿ ಸಾಧಾರಣವಾದದ್ದು ಮೋಟರನ್ನು ಹಚ್ಚುತ್ತದೆ, ಆರಿಸುತ್ತದೆ, ಅಷ್ಟೇ. ಮೋಟರು ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂಬುದೇ ನಾವು ತಿಳಿಯಬೇಕಾದ ವಿಷಯ. ಉದಾಹರಣೆಗೆ, ದಿನವೂ 14 ಆಂಪಿಯರ್ ಎಳೆಯುವ ಮೋಟರು 9ಕ್ಕೆ ಇಳಿದರೆ, ವೋಲ್ಟೇಜ್ ಸರಿಯಿದ್ದಲ್ಲಿ, ನೀರು ಕಡಿಮೆಯಾಗಿದೆ ಎಂದು ಸಂಶಯಿಸಬೇಕು. ಪ್ಯಾನೆಲ್ಲಿನ ಡಿಜಿಟಲ್ ಮೀಟರು ಈ ಅಂಕಿಯನ್ನು ತೋರಿಸುತ್ತದೆ. ಅನೇಕ ಮೀಟರುಗಳ ಹಿಂಬದಿಯಲ್ಲಿ ಎ, ಬಿ ಎಂದು ಗುರುತಿಸಿದ ಎರಡು ತಿರುಪುಗಳೂ ಇರುತ್ತವೆ. ಅದೇ ಸೀರಿಯಲ್ ಪೋರ್ಟು.

ಸೀರಿಯಲ್ ಎಂದರೇನು?

ಸಾಲಾಗಿ ನಿಂತ ಆಳುಗಳು ಬುಟ್ಟಿಗಳನ್ನು ಒಂದೊಂದಾಗಿ ಕೈಬದಲಿಸುವಂತೆ ಅಂಕಿಗಳನ್ನು ಒಂದರ ಹಿಂದೊಂದು ಸಾಗಿಸುವುದೇ ಸೀರಿಯಲ್ ಪದ್ಧತಿ. 1960ರಲ್ಲಿ ಬಂದ ಆರ್‌ಎಸ್-232 ಸುಮಾರು 15 ಮೀಟರ್ ದೂರಕ್ಕೆ ಸಾಕು. 1983ರ ಆರ್‌ಎಸ್-485 ಒಂದೇ ಜೋಡಿ ತಂತಿಯಲ್ಲಿ ಸುಮಾರು 1200 ಮೀಟರ್‌ವರೆಗೆ ಸಾಗಬಲ್ಲದು. ಅದಕ್ಕೆ 32 ಉಪಕರಣಗಳನ್ನು ಕಟ್ಟಬಹುದು. ಮೀಟರುಗಳು ಸಾಮಾನ್ಯವಾಗಿ ಆಡುವ ಭಾಷೆ ಮಾಡ್‌ಬಸ್. ಇದು 1979ರಲ್ಲಿ ಕಾರ್ಖಾನೆಗಳಿಗಾಗಿ ಹುಟ್ಟಿದ್ದು.

ತೋಟದಿಂದ ಪೇಟೆಯ ಮನೆಯವರೆಗೆ ತಂತಿ ಎಳೆಯಲಾಗದು. ಆದ್ದರಿಂದ ನಡುವೆ ಒಂದು ಪರಿವರ್ತಕ ಪೆಟ್ಟಿಗೆ ಬೇಕು. ಅದರ ಒಂದು ಬದಿಗೆ ಮೀಟರಿನ ತಂತಿ, ಇನ್ನೊಂದು ಬದಿಗೆ ಇಂಟರ್‌ನೆಟ್ ಕೇಬಲ್ ಅಥವಾ ಮೊಬೈಲ್ ಸಿಮ್.

ಮೀಟರಿನ ಬದಿ

ಇಲ್ಲಿ ನಾಲ್ಕು ಅಂಶಗಳು ಪೆಟ್ಟಿಗೆಯಲ್ಲೂ ಮೀಟರಿನಲ್ಲೂ ಒಂದೇ ಆಗಿರಬೇಕು: ವೇಗ, ಅಕ್ಷರದ ಬಿಟ್‌ಗಳು, ಪ್ಯಾರಿಟಿ, ಸ್ಟಾಪ್ ಬಿಟ್. 9600, 8, ಪ್ಯಾರಿಟಿ ಇಲ್ಲ, 1 ಎಂಬುದು ಸಾಮಾನ್ಯ ರೂಢಿ. ಆದರೂ ಕೈಪಿಡಿ ನೋಡಿಯೇ ಹಾಕಬೇಕು. ಒಂದು ತಪ್ಪಿದರೂ ಮೀಟರು ಮೌನವಾಗುತ್ತದೆ. ಪ್ರತಿ ಮೀಟರಿಗೂ 1ರಿಂದ 247ರೊಳಗೆ ಬೇರೆ ಬೇರೆ ಸಂಖ್ಯೆ ಕೊಡಬೇಕು. ಎಲ್ಲ ಸರಿಯಿದ್ದೂ ಉತ್ತರ ಬಾರದಿದ್ದರೆ ಎ, ಬಿ ತಂತಿಗಳನ್ನು ಅದಲುಬದಲು ಮಾಡಿಸಿ ನೋಡಬೇಕು. ಎಲ್ಲ ತಯಾರಕರೂ ಇವನ್ನು ಒಂದೇ ರೀತಿ ಗುರುತಿಸುವುದಿಲ್ಲ. ತಂತಿ ಹೆಣೆದ ಜೋಡಿಯಾಗಿರಲಿ. ಸಾಲು ಉದ್ದವಾಗಿದ್ದರೆ ಎರಡು ತುದಿಗೂ 120 ಓಮ್ ರೆಸಿಸ್ಟರ್ ಹಾಕಿಸಬೇಕು.

ಈ ಸಾಲಿನಲ್ಲಿ ಕೇಳುವವನು ಒಬ್ಬನೇ ಇರಬೇಕು. ಇಬ್ಬರು ಒಟ್ಟಿಗೆ ಕೇಳಿದರೆ ಉತ್ತರಗಳು ಕಲಸಿಹೋಗುತ್ತವೆ. ಒಂದು ಕಂಪ್ಯೂಟರು ನಿಮಿಷಕ್ಕೊಮ್ಮೆ ಕೇಳಿ ಬರೆದಿಟ್ಟರೆ ಮನೆಯವರೆಲ್ಲ ಅದನ್ನೇ ನೋಡಬಹುದು.

ಇಂಟರ್‌ನೆಟ್ಟಿನ ಬದಿ

ಸದಸ್ಯರು ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ಸಾಮಾನ್ಯ ಸಿಮ್‌ಗೆ ಹೊರಗಿನಿಂದ ಕರೆಯಬಹುದಾದ ಸ್ವಂತ ವಿಳಾಸವಿರುವುದಿಲ್ಲ. ಒಂದೇ ವಿಳಾಸವನ್ನು ಅನೇಕರು ಹಂಚಿಕೊಂಡಿರುತ್ತಾರೆ. ಆದ್ದರಿಂದ ನಾವು ಪೆಟ್ಟಿಗೆಯನ್ನು ಕರೆಯುವ ಬದಲು, ಪೆಟ್ಟಿಗೆಯೇ ನಮ್ಮ ಕಂಪ್ಯೂಟರನ್ನು ಕರೆಯುವಂತೆ ಹೊಂದಿಸಬೇಕು. ಆ ಮಾತುಕತೆ ವಿಪಿಎನ್ ಎಂಬ ಖಾಸಗಿ ದಾರಿಯಲ್ಲೇ ನಡೆಯಬೇಕು.

ಸಾರ್ವಜನಿಕ ವಿಳಾಸವುಳ್ಳ ಸಿಮ್ ತರಿಸಿ ಬಾಗಿಲು ತೆರೆದಿಟ್ಟರೆ ಕೆಲಸ ಸುಲಭ ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಮಾನ್ಯ ಮಾಡ್‌ಬಸ್‌ನಲ್ಲಿ ಪಾಸ್‌ವರ್ಡೇ ಇಲ್ಲ. ಅದರ ರೂಢಿಯ 502ನೇ ಪೋರ್ಟನ್ನು ತಲುಪಿದ ಯಾರೇ ಆಗಲಿ ಓದಬಹುದು, ಆಜ್ಞೆಯನ್ನೂ ಕೊಡಬಹುದು. ಸ್ಟಾರ್ಟರಿನ ರಿಲೇ ಅದೇ ಸಾಲಿನಲ್ಲಿದ್ದರೆ, ಪ್ಯಾನೆಲ್ ಬಿಚ್ಚಿ ಕೈಹಾಕಿದವನಿಗೆ ಅರಿವಿಲ್ಲದೆಯೇ ಎಲ್ಲೋ ಕುಳಿತವನು ಮೋಟರು ಹಚ್ಚಬಹುದು. ಇದು ಹಣದ ಮಾತಲ್ಲ, ಜೀವದ ಮಾತು.

ಆದ್ದರಿಂದ ನನ್ನ ಸಲಹೆ ಇಷ್ಟು. ದೂರದಿಂದ ಓದುವ ವ್ಯವಸ್ಥೆ ಮಾತ್ರ ಇಟ್ಟುಕೊಳ್ಳಿ; ರಿಲೇಯನ್ನು ಈ ಸಾಲಿಗೆ ಕಟ್ಟಬೇಡಿ. ಒಣ ಓಟ ತಡೆಯುವ ರಕ್ಷಣೆ ಪ್ಯಾನೆಲ್ಲಿನಲ್ಲಿಯೇ ಇರಲಿ, ಏಕೆಂದರೆ ಸಿಗ್ನಲ್ ಹೋದ ರಾತ್ರಿಯೂ ಅದು ಕೆಲಸ ಮಾಡಬೇಕು. ಪೆಟ್ಟಿಗೆಯೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಸಿಡಿಲಿನ ಏರುವೋಲ್ಟೇಜಿಗೆ ಸರ್ಜ್ ಪ್ರೊಟೆಕ್ಟರ್ ಹಾಗೂ ಒಳ್ಳೆಯ ಅರ್ಥಿಂಗ್ ಬೇಕೇ ಬೇಕು. ಪ್ಯಾನೆಲ್ ಒಳಗಿನ ಕೆಲಸವನ್ನು ಮೇನ್ ಆರಿಸಿ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ.

ಹೂಮಳೆಗಾಗಿ ತುಂತುರು ನೀರು ಕೊಡುವ ಮಲೆನಾಡಿನ ಕಾಫಿ ಬೆಳೆಗಾರರ ಪಂಪಿಗೂ ಈ ಮಾತುಗಳೇ ಅನ್ವಯಿಸುತ್ತವೆ.

ಕೊಳ್ಳುವ ಮುನ್ನ ಮೂರನ್ನು ವಿಚಾರಿಸಿ: ತಮ್ಮ ಮೀಟರಿಗೆ ಆರ್‌ಎಸ್-485 ಇದೆಯೇ, ಯಾವ ಅಂಕಿ ಯಾವ ರಿಜಿಸ್ಟರಿನಲ್ಲಿದೆ ಎಂಬ ಪಟ್ಟಿ ಕೈಪಿಡಿಯಲ್ಲಿದೆಯೇ, ಬಾವಿಯ ಬಳಿ ಸಿಗ್ನಲ್ ಸಿಗುತ್ತದೆಯೇ. ಜೋಡಣೆಯಾದ ಮೇಲೆ ದೂರದಲ್ಲಿ ಕಾಣುವ ವೋಲ್ಟೇಜನ್ನು ಮೀಟರಿನ ಮುಖದ ಅಂಕಿಯೊಡನೆ ಹೋಲಿಸಿ. ಎರಡೂ ತಾಳೆಯಾಗುವವರೆಗೆ ಕೆಲಸ ಮಾಡಿದವರಿಗೆ ಪೂರ್ತಿ ಹಣ ಕೊಡಬೇಡಿ.

– ಕಾರ್ಯದರ್ಶಿ