ಗಂಟೆಗೆ ಮೂರು ಮೈಲಿ

ಅವಸರವಿಲ್ಲದೆ ನಡೆಯುವ ಮನುಷ್ಯ ಗಂಟೆಗೆ ಸುಮಾರು ಮೂರು ಮೈಲಿ, ಅಂದರೆ 4.8 ಕಿಲೋಮೀಟರ್ ಸಾಗುತ್ತಾನೆ. ದೇವರ ವೇಗವೂ ಅಷ್ಟೇ ಎಂದವರು ಜಪಾನಿನ ಕ್ರೈಸ್ತ ಚಿಂತಕ ಕೊಸುಕೆ ಕೊಯಾಮ (1929–2009). 1979ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಗಂಟೆಗೆ ಮೂರು ಮೈಲಿಯ ದೇವರು’.

ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಡಾಕ್ಟರೇಟ್ ಪಡೆದ ಕೊಯಾಮ 1960ರಲ್ಲಿ ಮಿಷನರಿಯಾಗಿ ಥಾಯ್ಲೆಂಡಿಗೆ ಹೋದರು. ಉತ್ತರದ ಹಳ್ಳಿ ಚರ್ಚುಗಳ ದಾರಿಯುದ್ದಕ್ಕೂ ಕೆಸರುಗದ್ದೆ, ಅದರಲ್ಲಿ ಎಮ್ಮೆಗಳು. ಅವುಗಳ ಜೊತೆಯಲ್ಲೇ ದಿನ ಕಳೆಯುವ ರೈತರಿಗೆ ತಾವು ಓದಿದ ದೊಡ್ಡ ದೊಡ್ಡ ಮಾತುಗಳು ತಲುಪವು ಎಂಬುದು ಅವರಿಗೆ ಅಲ್ಲೇ ಹೊಳೆಯಿತು. ಮಾತು ಸರಳವಾಯಿತು, ನಡಿಗೆ ನಿಧಾನವಾಯಿತು.

ಅವರ ವಾದ ಕುತೂಹಲದ್ದು. ರೊಟ್ಟಿಯೊಂದರಿಂದಲೇ ಬದುಕಿಲ್ಲ ಎಂಬ ಒಂದೇ ಪಾಠ ಕಲಿಸಲು ದೇವರು ಇಸ್ರಾಯೇಲ್ಯರನ್ನು 40 ವರ್ಷ ಮರುಭೂಮಿಯಲ್ಲಿ ನಡೆಸಿದ. (ಸಿಲಬಸ್ ಮುಗಿಸಬೇಕಾದ ಯಾವ ಮೇಷ್ಟರೂ ಇದನ್ನು ಒಪ್ಪಲಾರರು!) ಪ್ರೀತಿಸುವವನು ನಡೆಯುವವರ ಜೊತೆ ನಡೆಯಬೇಕಲ್ಲವೇ? ಭಾನುವಾರ ಸ್ಕೂಟರಿನಲ್ಲಿ ಭರ್ರನೆ ಬಂದು, ಗಡಿಯಾರ ನೋಡುತ್ತಲೇ ಪ್ರಾರ್ಥನೆ ಮುಗಿಸುವ ವಿಶ್ವಾಸಿಗೆ ಇದು ಇರಿಸುಮುರಿಸಿನ ಪ್ರಶ್ನೆ.

ಕೊಯಾಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಊರೂರು ನಡೆದ ಯೇಸು ಕೊನೆಗೆ ಶಿಲುಬೆಯಲ್ಲಿ ಮೊಳೆಗಳಿಗೆ ಸಿಕ್ಕಿ ನಿಂತೇಬಿಟ್ಟ. ಅಲ್ಲಿ ಆತನ ವೇಗ ಸೊನ್ನೆ.