ಗ್ರೈಂಡಿಂಗ್ ಮೆಷಿನಿನ ವೀಲು, ಬಿಡಿಭಾಗ: ಕೊಳ್ಳುವಾಗ ಏನು ನೋಡಬೇಕು?

ಮೊದಲು ವೆಲ್ಡಿಂಗ್ ಶಾಪಿನಲ್ಲಿ ಮಾತ್ರ ಕಾಣುತ್ತಿದ್ದ ಆಂಗಲ್ ಗ್ರೈಂಡರು ಈಗ ಸಣ್ಣ ಕೃಷಿಕರ ಪಂಪ್‌ಶೆಡ್ಡಿಗೂ ಬಂದಿದೆ. ಜಿ.ಐ. ಪೈಪು ತುಂಡು ಮಾಡಲು, ತುಕ್ಕು ಹಿಡಿದ ಬೋಲ್ಟು ಕತ್ತರಿಸಲು, ಕತ್ತಿ-ಹಾರೆ ಹರಿತ ಮಾಡಲು, ಗೇಟಿಗೆ ಪೈಂಟ್ ಕೊಡುವ ಮೊದಲು ತುಕ್ಕು ಕೆರೆಯಲು, ಎಲ್ಲಕ್ಕೂ ಅದೇ. ಗ್ರೈಂಡರ್ ಎಂದರೆ ಮನೆಯೊಳಗೆ ಉದ್ದು ಅರೆಯುವುದು ಎಂದಾಗುತ್ತದೆ. ಹಾಗಾಗಿ ನಮ್ಮ ಕಡೆ ಇದಕ್ಕೆ ಗ್ರೈಂಡಿಂಗ್ ಮೆಷಿನ್ ಎಂದೇ ಹೆಸರು.

ಮೆಷಿನು ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುವ ನಾವು, ಅದಕ್ಕೆ ಹಾಕುವ ವೀಲನ್ನು ಮಾತ್ರ "ಒಂದು ನಾಲ್ಕಿಂಚಿಂದು ಕೊಡಿ" ಎಂದು ಕೇಳಿ ಕಿಸೆಗೆ ಹಾಕಿಕೊಂಡು ಬರುತ್ತೇವೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಸಣ್ಣ ಮೆಷಿನು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ನಾಲ್ಕಿಂಚು ವೀಲಿನ ಅಂಚು ಆಗ ಸೆಕೆಂಡಿಗೆ 57 ಮೀಟರು, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುತ್ತಿರುತ್ತದೆ. ವೀಲು ಒಡೆದರೆ ಚೂರು ಹಾರುವುದೂ ಅದೇ ವೇಗದಲ್ಲಿ. ಮುಖ ಇರುವುದು ಒಂದೂವರೆ ಅಡಿ ದೂರದಲ್ಲಿ!

ವೀಲಿನ ಮೇಲೆ ಬರೆದದ್ದು

ಮೊದಲು ನೋಡಬೇಕಾದ್ದು ತೂತಿನ ಅಳತೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ನಾಲ್ಕಿಂಚು ಮೆಷಿನಿನ ವೀಲಿಗೆ 16 ಮಿ.ಮೀ. ತೂತು. ಐದಿಂಚಿನದಕ್ಕೆ 22 ಮಿ.ಮೀ. ಚಿಲ್ಲರೆ. ವೀಲಿನಲ್ಲಿ 105 × 1 × 16 ಎಂದಿದ್ದರೆ ಅಗಲ, ದಪ್ಪ, ತೂತು ಎಂದು ಅರ್ಥ. ಕಲ್ಲು ಕತ್ತರಿಸುವ ಡೈಮಂಡ್ ವೀಲು ಹೆಚ್ಚಾಗಿ ಮಾರ್ಬಲ್ ಕಟ್ಟರಿಗೆಂದು ಮಾಡಿದ್ದು, ಅದರ ತೂತು 20 ಮಿ.ಮೀ. ಗ್ರೈಂಡಿಂಗ್ ಮೆಷಿನಿಗೆ ಹಾಕಬೇಕಾದರೆ ನಡುವೆ ಬಳೆ ಬೇಕು. ಅಂಗಡಿಯಲ್ಲೇ ಕೇಳಿ ತನ್ನಿ. ಇನ್ಸುಲೇಶನ್ ಟೇಪು ಸುತ್ತಿ ಕೂರಿಸುವವರೂ ಇದ್ದಾರೆ. ಟೇಪು ಬಿಸಿಗೆ ಕರಗಿದ ಮೇಲೆ ವೀಲು ಓರೆಯಾಗಿ ತಿರುಗಲು ತೊಡಗುತ್ತದೆ.

ಎರಡನೆಯದು ವೇಗ. ವೀಲಿನ ಮೇಲಿನ ಆರ್.ಪಿ.ಎಂ. ಸಂಖ್ಯೆ ಮೆಷಿನಿನ ತಗಡಿನಲ್ಲಿ ಬರೆದ ಸಂಖ್ಯೆಗಿಂತ ಹೆಚ್ಚಿರಬೇಕು, ಕಡಿಮೆ ಇರಕೂಡದು. ನಾಲ್ಕಿಂಚಿನ ಒಳ್ಳೆಯ ವೀಲಿನಲ್ಲಿ ಇದು 15,000ದ ಆಸುಪಾಸು ಇರುತ್ತದೆ. ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಏಳಿಂಚಿನ ದೊಡ್ಡ ಮೆಷಿನಿನಲ್ಲಿ ಸವೆದು ನಾಲ್ಕೈದು ಇಂಚಿಗೆ ಇಳಿದ ವೀಲನ್ನು, "ಹಾಳು ಮಾಡುವುದು ಯಾಕೆ" ಎಂದು ಗಾರ್ಡು ಬಿಚ್ಚಿ ಸಣ್ಣ ಮೆಷಿನಿಗೆ ಹಾಕುವ ಕ್ರಮ ಹಲವು ಕಡೆ ಉಂಟು. ಆ ವೀಲು ಮಾಡಿದ್ದು ಸುಮಾರು 8,500 ಸುತ್ತಿಗೆ. ತೂತೂ ದೊಡ್ಡದು, ಗಾರ್ಡೂ ಇಲ್ಲ, ವೇಗ 11,000. ಉಳಿಯುವುದು ನಲುವತ್ತೋ ಐವತ್ತೋ ರೂಪಾಯಿ. ದಯವಿಟ್ಟು ಆ ಕೆಲಸ ಮಾಡಬೇಡಿ.

ಮೂರನೆಯದು ತಾರೀಕು. ವೀಲಿಗೂ ತಾರೀಕು ಉಂಟೋ ಎಂದು ಕೇಳಬಹುದು. ಉಂಟು. ಈ ವೀಲುಗಳೆಲ್ಲ ಮರಳಿನಂಥ ಕಾಳನ್ನು ರಾಳದ ಅಂಟಿನಲ್ಲಿ ಕೂಡಿಸಿ, ನಡುವೆ ಗಾಜಿನ ನೂಲಿನ ಬಲೆ ಇಟ್ಟು ಮಾಡಿದವು. ಅಂಟು ಹಳತಾದಂತೆ, ತೇವ ಎಳೆದಂತೆ ಹಿಡಿತ ಬಿಡುತ್ತದೆ. ಒಳ್ಳೆಯ ಕಂಪೆನಿಯವರು ನಡುವಿನ ಲೋಹದ ಉಂಗುರದಲ್ಲಿ 04/2027 ಎಂಬಂತೆ ತಿಂಗಳು-ವರ್ಷ ಒತ್ತಿರುತ್ತಾರೆ. ತಯಾರಾದ ಮೂರು ವರ್ಷದೊಳಗೆ ಮುಗಿಸಬೇಕು ಎಂಬುದು ಲೆಕ್ಕ. ನಮ್ಮ ಮಳೆಗಾಲದ ಹವೆಯಲ್ಲಿ ಮೂರು ವರ್ಷವೂ ದೂರದ ಮಾತೇ. ಆಟಿ ತಿಂಗಳಲ್ಲಿ ಗೋಡೆಯೇ ಬೆವರುವ ಪಂಪ್‌ಶೆಡ್ಡಿನಲ್ಲಿ ಮೊಳೆಗೆ ತೂಗುಹಾಕಿದ ವೀಲು ಏನಾದೀತು! ಅಡುಗೆಮನೆಯ ಅಟ್ಟದಂಥ ಬೆಚ್ಚಗಿನ ಜಾಗದಲ್ಲಿ, ಮುಚ್ಚಳ ಗಟ್ಟಿಯಿರುವ ಡಬ್ಬದಲ್ಲಿ, ಚಪ್ಪಟೆಯಾಗಿ ಮಲಗಿಸಿ ಇಡಿ. ಡಜನ್ ಗಟ್ಟಲೆ ತರಬೇಡಿ. ವರ್ಷಕ್ಕೆ ಆರು ಬೇಕಾಗುವವರಿಗೆ ಇಪ್ಪತ್ತೈದರ ಪೆಟ್ಟಿಗೆ ಅಗ್ಗವಲ್ಲ.

ಯಾವ ಕೆಲಸಕ್ಕೆ ಯಾವುದು?

ಪೈಪು, ಸರಳು, ತಗಡು ಕತ್ತರಿಸಲು 1 ಮಿ.ಮೀ. ದಪ್ಪದ ಕಟ್ಟಿಂಗ್ ವೀಲು. ದಪ್ಪದ್ದಕ್ಕಿಂತ ಬೇಗ ಕತ್ತರಿಸುತ್ತದೆ, ಕಿಡಿ ಕಡಿಮೆ, ಮೆಷಿನಿಗೂ ಭಾರ ಕಡಿಮೆ. ಆದರೆ ಅದರ ಬದಿಯಿಂದ ಉಜ್ಜಲೇಬಾರದು. ಉಜ್ಜಲು 6 ಮಿ.ಮೀ. ದಪ್ಪದ, ನಡು ತಗ್ಗಿದ ಗ್ರೈಂಡಿಂಗ್ ವೀಲೇ ಬೇಕು. ಹೊಸಬರು ಮಾಡುವ ದೊಡ್ಡ ತಪ್ಪು ಇದು: ಕತ್ತರಿಸಿದ ಬಾಯಿಯನ್ನು ಅದೇ ತೆಳು ವೀಲಿನಿಂದ ನಯ ಮಾಡಲು ಹೊರಡುವುದು. ಬದಿಯ ಒತ್ತಡ ತಡೆಯುವ ಶಕ್ತಿ ಅದಕ್ಕಿಲ್ಲ.

ಮೇಲಿನ ಅಕ್ಷರಕ್ಕೂ ಅರ್ಥವಿದೆ. ಇಂಗ್ಲಿಷಿನ ಎ ಇದ್ದರೆ ಕಬ್ಬಿಣಕ್ಕೆ, ಸಿ ಇದ್ದರೆ ಕಲ್ಲು-ಕಾಂಕ್ರೀಟಿಗೆ. ಪಕ್ಕದ 36, 46, 60 ಮೊದಲಾದ ಸಂಖ್ಯೆ ಕಾಳಿನ ನಯ. ಅಲ್ಯೂಮಿನಿಯಂ ಪೈಪು ಮಾಮೂಲಿ ವೀಲಿನಲ್ಲಿ ಮೆತ್ತಿಕೊಳ್ಳುತ್ತದೆ. ಅದಕ್ಕೆ ಗರಗಸವೇ ವಾಸಿ.

ಮುರಕಲ್ಲು, ಟೈಲ್ಸಿಗೆ ಡೈಮಂಡ್ ವೀಲು. ಅಂಚಿನಲ್ಲಿ ಗೀರು ಇದ್ದದ್ದು ಒಣಗಿದ ಕಲ್ಲಿಗೆ, ಅಂಚು ಇಡಿಯಾಗಿರುವುದು ಟೈಲ್ಸಿಗೆ. ಧೂಳು ಹಾರದಿರಲಿ ಎಂದು ಗ್ರೈಂಡಿಂಗ್ ಮೆಷಿನಿನ ಮೇಲೆ ನೀರು ಬಿಡಬೇಡಿ, ಶಾಕ್ ಹೊಡೆದೀತು. ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಆಸ್ಬೆಸ್ಟಾಸ್ ಶೀಟನ್ನಂತೂ ಇದರಲ್ಲಿ ಕತ್ತರಿಸಲೇಬೇಡಿ.

ಮರ ಕಡಿಯಲೆಂದು ಗರಗಸದ ಹಲ್ಲಿನ ವೀಲು, ಚೈನು ಸುತ್ತಿದ ವೀಲು ಸಹ ಈಗ ಅಂಗಡಿಯಲ್ಲಿ ಸಿಗುತ್ತವೆ. ನನ್ನ ಅಭಿಪ್ರಾಯ ಕೇಳಿದರೆ ಅದು ಬೇಡವೇ ಬೇಡ. ಹಲ್ಲು ಗಂಟಿಗೆ ಸಿಕ್ಕಿದರೆ ಮೆಷಿನು ಕೈಯಿಂದ ಕಿತ್ತುಕೊಂಡು ತೊಡೆಯ ಮೇಲೋ ಎದೆಯ ಮೇಲೋ ಬರುತ್ತದೆ.

ಕತ್ತಿ ಹರಿತ ಮಾಡುವುದು

ನಮಗೆ ಹೆಚ್ಚು ಬೇಕಾದ ಕೆಲಸ ಇದು, ಹೆಚ್ಚು ಕೆಡುವುದೂ ಇದೇ. ಗ್ರೈಂಡಿಂಗ್ ವೀಲು ಒತ್ತಿ ಹಿಡಿದಾಗ ಬಾಯಿ ನೀಲಿಯಾದರೆ ಕಬ್ಬಿಣ ಸುಮಾರು 300 ಡಿಗ್ರಿಗೆ ಕಾದಿದೆ ಎಂದರ್ಥ. ಆಚಾರಿ ಕೊಟ್ಟ ಹದ ಅಲ್ಲಿಗೆ ಹೋಯಿತು. ಆಮೇಲೆ "ಕತ್ತಿ ನಿಲ್ಲುವುದಿಲ್ಲ" ಎಂದು ಆಚಾರಿಯನ್ನು ದೂರಿ ಪ್ರಯೋಜನ ಇಲ್ಲ. ಇದಕ್ಕೆ ಫ್ಲಾಪ್ ಡಿಸ್ಕ್ ಎಂಬುದು ಬರುತ್ತದೆ, ಸಾಣೆ ಕಾಗದದ ಎಲೆಗಳನ್ನು ಒಂದರ ಮೇಲೊಂದು ಅಂಟಿಸಿದ್ದು. 80 ಅಥವಾ 120 ನಂಬ್ರದ್ದು ತಂದು, ಒತ್ತದೆ, ಒಂದೇ ಕಡೆ ನಿಲ್ಲಿಸದೆ ಸವರಿಕೊಂಡು ಹೋಗಿ. ಎರಡು ಸಲ ಎಳೆದ ಮೇಲೆ ಬಾಯಿಯನ್ನು ನೀರಿಗೆ ಅದ್ದಿ. ಕೊನೆಯ ಹರಿತ ಸಾಣೆಕಲ್ಲಿನಲ್ಲೇ ಆಗಲಿ. ಹಾರೆ, ಪಿಕ್ಕಾಸಿಗೆ ಇಷ್ಟೆಲ್ಲ ಉಪಚಾರ ಬೇಡ, ಆದರೆ ನೀಲಿಯಾಗಬಾರದು. ಕಳೆ ಕತ್ತರಿಸುವ ಯಂತ್ರದ ಬ್ಲೇಡಿನಲ್ಲಿ ಹಲ್ಲಿಗೆ ಕಾರ್ಬೈಡ್ ತುಂಡು ಕೂರಿಸಿದ್ದರೆ ಮಾಮೂಲಿ ವೀಲು ಅದಕ್ಕೆ ತಾಗುವುದೇ ಇಲ್ಲ. ಡೈಮಂಡ್ ವೀಲೇ ಆಗಬೇಕು.

ನಟ್ಟು ಮಗುಚುವ ಗುಟ್ಟು

ತೆಳು ವೀಲು ಹಾಕಿ ಎಷ್ಟು ಬಿಗಿದರೂ ಅಲ್ಲಾಡುತ್ತದೆ ಎಂಬ ದೂರು ಉಂಟಲ್ಲ, ಅದಕ್ಕೆ ವೀಲು ಕಾರಣವಲ್ಲ. ಮೇಲಿನ ನಟ್ಟಿನ ಒಂದು ಮುಖದಲ್ಲಿ ದಿಣ್ಣೆ ಇರುತ್ತದೆ. ದಪ್ಪ ವೀಲಿಗೆ ಆ ದಿಣ್ಣೆ ಒಳಮುಖವಾಗಿ, ತೂತಿನೊಳಗೆ ಕೂರಬೇಕು. 1 ಮಿ.ಮೀ. ವೀಲಿಗೆ ನಟ್ಟನ್ನು ಮಗುಚಿ, ದಿಣ್ಣೆ ಹೊರಗೆ ಬರುವಂತೆ ಹಾಕಬೇಕು. ಈ ನಟ್ಟು ಮತ್ತು ಅಡಿಯ ಫ್ಲ್ಯಾಂಜು ಕಳೆದುಹೋದರೆ ಆಯಾ ಮಾದರಿಯದ್ದನ್ನೇ ಕೇಳಿ ತನ್ನಿ. ಹೊಸ ವೀಲು ಹಾಕಿದ ಮೇಲೆ ಒಂದು ನಿಮಿಷ ಬದಿಗೆ ಹಿಡಿದು ಖಾಲಿ ಓಡಿಸಿ, ನಡುಗದಿದ್ದರೆ ಕೆಲಸಕ್ಕೆ ಇಳಿಯಿರಿ.

ಬಿಡಿಭಾಗದ ಲೆಕ್ಕ

ಮೊದಲು ಸವೆಯುವುದು ಕಾರ್ಬನ್. ಮೆಷಿನು ಬಿಟ್ಟು ಬಿಟ್ಟು ಓಡಿದರೆ, ಗಾಳಿ ತೂತಿನೊಳಗೆ ಸುತ್ತಲೂ ಕಿಡಿ ಕಂಡರೆ ಬಿಚ್ಚಿ ನೋಡಿ. ಐದಾರು ಮಿ.ಮೀ. ಉಳಿದಿದ್ದರೆ ಸಾಕು, ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದನ್ನೇ ಪೇಟೆಗೆ ಹಿಡಿದುಕೊಂಡು ಹೋಗಿ. ಮಾದರಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು. ದೊಡ್ಡದನ್ನು ಅರದಿಂದ ಉಜ್ಜಿ ಕೂರಿಸಿದರೆ ಓಡುತ್ತದೆ ನಿಜ, ಆದರೆ ತೀರಾ ಗಡುಸಾದ ಕಾರ್ಬನ್ ಆರ್ಮೇಚರಿನ ತಾಮ್ರವನ್ನು ತಿನ್ನುತ್ತದೆ. ಕಾರ್ಬನ್ನಿನಲ್ಲಿ ಉಳಿಸಿ ಆರ್ಮೇಚರಿನಲ್ಲಿ ಕಳಕೊಳ್ಳುವ ಬಾಬತ್ತು.

ಬೇರಿಂಗಿಗೆ ಕಂಪೆನಿಯ ಹಂಗಿಲ್ಲ, ಮೇಲಿನ ಸಂಖ್ಯೆ ಒಂದೇ ಆದರೆ ಸಾಕು. 608 ಎಂದರೆ ಎಲ್ಲಿ ಹೋದರೂ 8 ಮಿ.ಮೀ. ತೂತು, 22 ಮಿ.ಮೀ. ಹೊರ ಅಳತೆ. ಧೂಳಿನ ಕೆಲಸಕ್ಕೆ ರಬ್ಬರ್ ಮುಚ್ಚಿಗೆಯದ್ದು ಆಗಬಹುದು. ಗೇರು ಸವೆದರೆ ದೊಡ್ಡದು-ಸಣ್ಣದು ಎರಡನ್ನೂ ಜೋಡಿಯಾಗಿ ತನ್ನಿ.

ಆರ್ಮೇಚರು ಸುಟ್ಟರೆ ಮಾತ್ರ ಕುಳಿತು ಲೆಕ್ಕ ಹಾಕಬೇಕು. ಆರ್ಮೇಚರು, ಮಜೂರಿ, ಅದರ ಜೊತೆ ಬೇರಿಂಗು ಸೇರಿ ಹೊಸ ಮೆಷಿನಿನ ಅರ್ಧ ಬೆಲೆ ದಾಟುವುದಾದರೆ ಬಿಟ್ಟುಬಿಡಿ. ಅದು ಸುಡುವುದು ಹೆಚ್ಚಾಗಿ ನಮ್ಮ ವೋಲ್ಟೇಜಿನಿಂದ. ಬಾವಿ ಹತ್ತಿರಕ್ಕೆ ಸಪೂರ ವಯರು ನೂರಡಿ ಎಳೆದು ಒತ್ತಿ ಕೆಲಸ ಮಾಡಿದರೆ ಸುತ್ತು ಇಳಿಯುತ್ತದೆ, ಒಳಗಿನ ಫ್ಯಾನಿನ ಗಾಳಿಯೂ ಇಳಿಯುತ್ತದೆ, ಸುರುಳಿ ಕಾಯುತ್ತದೆ. ದಪ್ಪ ವಯರು ಹಾಕಿ, ಒತ್ತಡ ಕಡಿಮೆ ಮಾಡಿ.

ಹಾಗಾದರೆ ಮೆಷಿನು ಯಾವ ಕಂಪೆನಿಯದ್ದು ಒಳ್ಳೆಯದು? ನಿಮ್ಮ ಪೇಟೆಯಲ್ಲಿ ಕಾರ್ಬನ್, ಸ್ವಿಚ್ಚು, ಗಾರ್ಡು ಸಿಗುವಂಥದ್ದು. ಕೊಳ್ಳುವ ದಿನವೇ ಒಂದು ಜೊತೆ ಕಾರ್ಬನ್ ಕೇಳಿ ನೋಡಿ, "ತರಿಸಿ ಕೊಡುವ ಅಣ್ಣ" ಎಂದರೆ ಇನ್ನೊಂದು ಅಂಗಡಿ ನೋಡಿ. ಹೆಸರು ಬದಲಾದದ್ದೂ ಉಂಟು: ಹಿಟಾಚಿ ಮೆಷಿನುಗಳು 2018ರಿಂದ ಹೈಕೋಕಿ ಹೆಸರಿನಲ್ಲಿ ಬರುತ್ತಿವೆ, ಹಳೆಯ ಹಿಟಾಚಿಗೆ ಬಿಡಿಭಾಗ ಹುಡುಕುವವರು ಆ ಹೆಸರಲ್ಲೂ ಕೇಳಬಹುದು. ಬ್ಯಾಟರಿ ಮೆಷಿನು ಕೊಳ್ಳುವವರಿಗೆ ಒಂದು ಕಂಪೆನಿಯ ಬ್ಯಾಟರಿ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಬ್ರಶ್‌ಲೆಸ್ ಎಂದಿದ್ದರೆ ಕಾರ್ಬನ್ನಿನ ಚಿಂತೆ ಇಲ್ಲ.

ಕಣ್ಣಿಗೆ ಕನ್ನಡಕವನ್ನೂ ಬಿಡಿಭಾಗವೆಂದೇ ಲೆಕ್ಕ ಹಿಡಿದು ಅದೇ ಬಿಲ್ಲಿನಲ್ಲಿ ಬರೆಸಿ. ಹೆಗಲಿನ ಬೈರಾಸು ತೆಗೆದಿಡಿ, ಅಡಿಕೆ ಸಿಪ್ಪೆಯ ರಾಶಿಯಿಂದ ದೂರ ನಿಲ್ಲಿ. ಡೀಸೆಲ್ ಡ್ರಮ್ಮು ಖಾಲಿಯೆಂದು ಕತ್ತರಿಸಲು ಹೋಗಬೇಡಿ, ಒಳಗಿನ ಆವಿ ಕಿಡಿ ತಾಗಿ ಸಿಡಿಯುತ್ತದೆ. ಹಳೆಯ ಮೆಷಿನು ಗುಜರಿಗೆ ಕೊಡುವ ಮೊದಲು ಅದರ ಗಾರ್ಡು, ಬದಿಯ ಹಿಡಿ, ನಟ್ಟು, ಫ್ಲ್ಯಾಂಜು, ಸ್ಪ್ಯಾನರು ಬಿಚ್ಚಿ ಡಬ್ಬದಲ್ಲಿ ಇಟ್ಟುಕೊಳ್ಳಿ. ಅದೇ ಮಾದರಿಯ ಮೆಷಿನು ನೆರೆಮನೆಯಲ್ಲಿದ್ದರೆ ಅವರಿಗಾದರೂ ಬೇಕಾಗುತ್ತದೆ.