ಗಡಿಯಾರದ ಮೇಜಿಗೂ ಜನ ಬೇಕು

ನಮ್ಮ ಹುಡುಗರಿಗೆ ಗಾಡಿಯ ಹುಚ್ಚು ಹೊಸತೇನಲ್ಲ. ಉಳ್ಳಾಲಕ್ಕೆ ಹೋಗಿ, ಬಿ.ಸಿ. ರೋಡಿಗೆ ಹೋಗಿ, ಸುರತ್ಕಲ್ಲಿಗೆ ಹೋಗಿ, ಕಾರಿನ ಮಾತು ಬಂದರೆ ಎದುರಿಗಿದ್ದ ಊಟ ಮರೆಯುವವ ಮನೆಗೊಬ್ಬ ಸಿಗುತ್ತಾನೆ. ಗಲ್ಫಿನಿಂದ ಕಾಕ ಕಳಿಸಿದ ವೀಡಿಯೊ, ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಗೆಳೆಯ, ಕೈಗೆ ಬಂದ ಸೆಕೆಂಡ್ ಹ್ಯಾಂಡ್ ಕಾರು, ಇಷ್ಟಿದ್ದರೆ ಸಾಕು. ಈ ಆಸಕ್ತಿಯಲ್ಲಿ ತಪ್ಪೇನಿಲ್ಲ. ಆದರೆ ಅದು ರಾತ್ರಿ ಹನ್ನೊಂದರ ಮೇಲೆ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಇಳಿದರೆ ಮನೆಯಲ್ಲಿ ಉಮ್ಮ ಮಲಗುವುದಿಲ್ಲ. "ಮೋನೇ, ಎಲ್ಲಿದ್ದಿ?" ಅಂತ ಹತ್ತು ಸಲ ಫೋನ್ ಹೋಗುತ್ತದೆ.

ಬೈದರೆ ಕೇಳುವ ಪ್ರಾಯ ಅಲ್ಲ ಅದು. ವೇಗದ ಆಸೆಗೆ ಸರಿಯಾದ ಒಂದು ಜಾಗ ತೋರಿಸಬೇಕು. ಅಂಥ ಜಾಗ ಆಟೋಕ್ರಾಸ್. ಈ ವಾರ ನಾವು ಅದರ ಬಗ್ಗೆ ಬರೆಯುತ್ತಿದ್ದೇವೆ. ಆದರೆ ಕಾರು ಓಡಿಸುವವರಿಗಿಂತ ಹೆಚ್ಚಾಗಿ, ಮೈದಾನದ ಬದಿಯ ಶಾಮಿಯಾನದೊಳಗೆ ಲ್ಯಾಪ್‌ಟಾಪ್ ಎದುರು ಕೂತು ಪ್ರತಿ ಕಾರಿನ ಸಮಯ ದಾಖಲಿಸುವ ಸ್ವಯಂಸೇವಕರ ಬಗ್ಗೆ. ಅವರಿಲ್ಲದೆ ಒಂದು ಸ್ಪರ್ಧೆಯೂ ನಡೆಯುವುದಿಲ್ಲ. ಅವರಿಗೆ ತರಬೇತಿ ಕೊಡುವ ಕೆಲಸ ನಮ್ಮ ಯುವಕರ ಸಂಘಗಳ ಕೈಗೆ ಎಟುಕದ್ದೂ ಅಲ್ಲ.

ಎಂತ ಈ ಆಟೋಕ್ರಾಸ್?

ದೊಡ್ಡ ಸಮತಟ್ಟಾದ ಜಾಗ. ಅದರಲ್ಲಿ ರಬ್ಬರ್ ಕೋನ್‌ಗಳನ್ನಿಟ್ಟು ತಿರುವು ಮುರುವಿನ ದಾರಿ ಮಾಡುತ್ತಾರೆ. ಕಾರುಗಳು ಒಂದನ್ನೊಂದು ಹಿಂದೆ ಹಾಕುವ ರೇಸ್ ಇಲ್ಲಿಲ್ಲ. ಒಬ್ಬೊಬ್ಬರಾಗಿ ಓಡಿಸಬೇಕು, ಎರಡನೇ ಕಾರನ್ನು ಬಿಟ್ಟರೂ ನಡುವೆ ಸಾಕಷ್ಟು ಅಂತರವಿರುತ್ತದೆ. ಪ್ರತಿಯೊಬ್ಬರಿಗೂ ಕೆಲವು ಓಟ, ಅದರಲ್ಲಿ ಉತ್ತಮವಾದದ್ದು ಲೆಕ್ಕಕ್ಕೆ. ಹೆಲ್ಮೆಟ್, ಸೀಟ್ ಬೆಲ್ಟ್ ಕಡ್ಡಾಯ. ತಿರುವುಗಳು ಹತ್ತಿರ ಹತ್ತಿರ ಇರುವುದರಿಂದ ಹೆದ್ದಾರಿಯ ವೇಗ ಬರುವುದೇ ಕಷ್ಟ. ತಪ್ಪಿದರೆ ಬೀಳುವುದು ಕೋನ್, ಎದುರಿನಿಂದ ಲಾರಿ ಬರುವುದಿಲ್ಲ.

ನಮ್ಮ ದೇಶದಲ್ಲಿ ಮೋಟಾರ್ ಕ್ರೀಡೆಗಳನ್ನು ನೋಡಿಕೊಳ್ಳುವುದು ಚೆನ್ನೈಯಲ್ಲಿ ಕಚೇರಿ ಇರುವ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ. ಹವ್ಯಾಸಿಗಳ ಆಟೋಕ್ರಾಸ್ ಬಹಳ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 1944ರಲ್ಲಿ ಶುರುವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಸಂಸ್ಥೆಯ ಸ್ಥಳೀಯ ಘಟಕಗಳು ಖಾಲಿ ಪಾರ್ಕಿಂಗ್ ಜಾಗ, ಹಳೆಯ ವಿಮಾನ ನಿಲ್ದಾಣಗಳಲ್ಲಿ ವಾರಾಂತ್ಯಕ್ಕೆ ಇದನ್ನು ನಡೆಸುತ್ತವೆ. ಅದರ ರಾಷ್ಟ್ರೀಯ ಕೂಟ 2009ರಿಂದ ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದಲ್ಲಿ ನಡೆಯುತ್ತಿದೆ. ಅಲ್ಲಿಯ ಒಂದು ಪದ್ಧತಿ ನಮಗೆ ಬಹಳ ಹಿಡಿಸಿತು. ಕಾರು ಓಡಿಸಲು ಬಂದವರೆಲ್ಲ ಒಂದು ಪಾಳಿ ಕೆಲಸವನ್ನೂ ಮಾಡಬೇಕು. ಬೆಳಿಗ್ಗೆ ಓಡಿಸಿದವ ಮಧ್ಯಾಹ್ನ ಕೋನ್ ಎತ್ತಬೇಕು, ಇಲ್ಲವೇ ಸಮಯದ ಮೇಜಿನಲ್ಲಿ ಕೂರಬೇಕು. ದೊಡ್ಡ ಕಾರಿನವ, ಸಣ್ಣ ಕಾರಿನವ ಅಂತ ಭೇದ ಇಲ್ಲ.

ಕಂಬಳದ 13.62

ಸೆಕೆಂಡಿನ ಬೆಲೆ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಅಂತ ಲೆಕ್ಕ ಹಾಕಿದವರು ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟರು. ದೇಶವಿಡೀ ಚರ್ಚೆಯಾಯಿತು. ಹೋಲಿಕೆ ಸರಿಯೋ ತಪ್ಪೋ, ಅದು ಬೇರೆ. ಆದರೆ ಇಡೀ ಚರ್ಚೆ ನಿಂತದ್ದು ಯಾರೋ ಅಳೆದು ಬರೆದ ಒಂದು ಅಂಕೆಯ ಮೇಲೆ. ಕಂಬಳದಲ್ಲಿ ಈಗ ಲೇಸರ್ ಕಿರಣದ ವ್ಯವಸ್ಥೆ ಉಂಟು. ಮೊದಲು ಯಾವ ಜೋಡಿ ಮುಟ್ಟಿತು ಎಂಬ ಜಗಳಕ್ಕೆ ಅದರಿಂದ ಎಷ್ಟು ಕಡಿವಾಣ ಬಿತ್ತು ಎಂಬುದು ಕಂಬಳ ನೋಡುವವರಿಗೆ ಗೊತ್ತು.

ಆಟೋಕ್ರಾಸ್‌ನಲ್ಲೂ ಇದೇ ಕತೆ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದರೆ, ಕಣ್ಣು ನೋಡಿ ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಹೋಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 3.3 ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಸುಮಾರು ಒಂದು ಆಲ್ಟೋ ಕಾರಿನ ಉದ್ದ! ಒಂದನೇ ಸ್ಥಾನಕ್ಕೂ ಎರಡನೆಯದಕ್ಕೂ ಸೆಕೆಂಡಿನ ನೂರರಲ್ಲೊಂದು ಪಾಲು ವ್ಯತ್ಯಾಸ ಇರುವ ಆಟದಲ್ಲಿ ಬೆರಳಿನ ಲೆಕ್ಕ ಯಾರು ಒಪ್ಪುತ್ತಾರೆ?

ಕಣ್ಣಿಗೆ ಕಾಣದ ಗೆರೆ

ಉಪಕರಣ ನೋಡಲಿಕ್ಕೆ ಸರಳ. ದಾರಿಯ ಒಂದು ಬದಿಯಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಬಿಡುವ ಪೆಟ್ಟಿಗೆ. ಎದುರು ಬದಿಯಲ್ಲಿ ಅದನ್ನು ಹಿಡಿಯುವ ಪೆಟ್ಟಿಗೆ, ಅಥವಾ ಕಿರಣವನ್ನು ವಾಪಸು ಕಳಿಸುವ ಪ್ರತಿಫಲಕ. ಇಂಥ ಒಂದು ಜೋಡಿ ಶುರುವಿನಲ್ಲಿ, ಇನ್ನೊಂದು ಕೊನೆಯಲ್ಲಿ. ಕಾರಿನ ಮೂತಿ ಮೊದಲ ಕಿರಣವನ್ನು ಕಡಿದಾಗ ಗಡಿಯಾರ ಶುರು, ಎರಡನೆಯದನ್ನು ಕಡಿದಾಗ ನಿಲ್ಲುತ್ತದೆ. ಸುದ್ದಿ ವೈರಿನಲ್ಲೋ ರೇಡಿಯೋ ತರಂಗದಲ್ಲೋ ಮೇಜಿಗೆ ಬರುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ ಲೆಕ್ಕ ಸಿಗುತ್ತದೆ. ಶುರುವಿನ ಕಿರಣವನ್ನು ಕಾರು ಹೊರಡುವ ಜಾಗದಿಂದ ಸ್ವಲ್ಪ ಮುಂದೆ ಇಡುತ್ತಾರೆ. ಹಾಗಾಗಿ "ಹೋಗು" ಅಂದ ಕೂಡಲೇ ಹಾರಬೇಕೆಂಬ ಗಡಿಬಿಡಿ ಇಲ್ಲ.

ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಎರಡೂ ಬದಿ ಒಂದೇ ಎತ್ತರ ಇರಬೇಕು, ಬಂಪರಿಗೆ ತಾಗುವಷ್ಟು ಕೆಳಗೆ. ಸಂಜೆಯ ಬಿಸಿಲು ನೇರ ಒಳಗೆ ಬಿದ್ದರೆ ಪೆಟ್ಟಿಗೆಗೆ ಕಿರಣ ಯಾವುದು, ಬಿಸಿಲು ಯಾವುದು ಗೊತ್ತಾಗುವುದಿಲ್ಲ. ಆದ್ದರಿಂದ ಅದರ ಮುಖ ಪಡುವಣಕ್ಕೆ ಬೇಡ. ಮಣ್ಣಿನ ಮೈದಾನವಾದರೆ ಧೂಳು ಒರೆಸುತ್ತಿರಬೇಕು. ಗಾಳಿಗೆ ಟ್ರೈಪಾಡ್ ಅಲುಗದಂತೆ ಕಾಲಿಗೆ ಮರಳಿನ ಚೀಲ ಕಟ್ಟಬೇಕು. ಬ್ಯಾಟರಿ ಹಿಂದಿನ ರಾತ್ರಿಯೇ ಚಾರ್ಜ್ ಆಗಬೇಕು. ಎಲ್ಲಕ್ಕಿಂತ ಮುಖ್ಯ, ಕಿರಣದ ಹತ್ತಿರ ಯಾರೂ ಸುಳಿಯಬಾರದು. ಫೋಟೊ ತೆಗೆಯಲು ಹೋದ ಒಬ್ಬ ಪುಣ್ಯಾತ್ಮ ಅಡ್ಡ ಬಂದರೆ ಗಡಿಯಾರ ಅವನನ್ನೂ ಕಾರು ಅಂತಲೇ ತಿಳಿಯುತ್ತದೆ.

ಒಂದು ಕಾರು ದಾರಿ ತಪ್ಪಿದರೆ

ಯಂತ್ರ ಇದ್ದರೆ ಮನುಷ್ಯ ಯಾಕೆ ಅಂತ ಕೇಳುವವರಿದ್ದಾರೆ. ಒಂದು ಉದಾಹರಣೆ ನೋಡೋಣ. 14, 27, 31 ನಂಬರಿನ ಮೂರು ಕಾರು 30 ಸೆಕೆಂಡಿಗೊಂದರಂತೆ ಹೊರಟವು. ಒಂದು ಸುತ್ತಿಗೆ 45 ಸೆಕೆಂಡ್ ಬೇಕು. 14ರವ ಮಧ್ಯದಲ್ಲಿ ದಾರಿ ತಪ್ಪಿ, ಕೊನೆಯ ಗೆರೆ ಮುಟ್ಟದೆ ಬದಿಯಿಂದ ಹೊರಗೆ ಹೋದ. ಯಂತ್ರಕ್ಕೆ ಇದು ಗೊತ್ತಿಲ್ಲ. ಮೊದಲು ಹೊರಟವನು ಮೊದಲು ಮುಟ್ಟುತ್ತಾನೆ ಎಂಬುದೊಂದೇ ಅದರ ಲೆಕ್ಕ. ಸ್ವಲ್ಪ ಹೊತ್ತಿನಲ್ಲಿ 27 ಬಂದು ಕಿರಣ ಕಡಿಯುತ್ತದೆ. ಯಂತ್ರ 14ರ ಹೆಸರಿಗೆ 75 ಸೆಕೆಂಡ್ ಬರೆಯುತ್ತದೆ. ಆಮೇಲೆ 31 ಬಂದಾಗ 27ರ ಹೆಸರಿಗೆ 75. ಹೀಗೆ ಮುಂದಿನವರೆಲ್ಲರ ಲೆಕ್ಕ ಒಂದೊಂದು ಮನೆ ಜಾರುತ್ತಾ ಹೋಗುತ್ತದೆ. 45 ಸೆಕೆಂಡಿನಲ್ಲಿ ಚೆಂದ ಓಡಿಸಿದ ಹುಡುಗ ಪಟ್ಟಿಯ ತಳದಲ್ಲಿ!

ಇದನ್ನು ತಡೆಯಲಿಕ್ಕೆ ಬೇಕಾದ್ದು ಒಬ್ಬ ಎಚ್ಚರದ ಮನುಷ್ಯ. ಈಗ ಮೈದಾನದಲ್ಲಿ ಎಷ್ಟು ಕಾರು ಉಂಟು, ಯಾವ್ಯಾವುದು ಅಂತ ಅವನ ಬಾಯಲ್ಲಿ ಸದಾ ಇರಬೇಕು. 14 ಹೊರಗೆ ಹೋದದ್ದು ಕಂಡ ಕೂಡಲೇ, 27 ಕೊನೆಗೆ ಮುಟ್ಟುವ ಮೊದಲು, 14ರ ಓಟ ಮುಗಿದಿಲ್ಲ ಅಂತ ಗುಂಡಿ ಒತ್ತಬೇಕು. ತರಬೇತಿಯ ಅರ್ಧ ಭಾಗ ಈ ಕೆಲವು ಸೆಕೆಂಡುಗಳಿಗಾಗಿಯೇ ಇರುವುದು.

ನಾಲ್ಕು ಕುರ್ಚಿ

ಮೇಜಿನಲ್ಲಿ ನಾಲ್ಕು ಜನ ಇದ್ದರೆ ಕೆಲಸ ಸಲೀಸು. ಒಬ್ಬರು ಹೊರಡುವ ಕಾರಿನ ನಂಬರು, ವಿಭಾಗ ಜೋರಾಗಿ ಹೇಳುವವರು. ಒಬ್ಬರು ಲ್ಯಾಪ್‌ಟಾಪಿನಲ್ಲಿ. ಒಬ್ಬರ ಕೈಯಲ್ಲಿ ವಾಕಿಟಾಕಿ; ಮೈದಾನದ ಮೂಲೆಗಳಲ್ಲಿ ನಿಂತವರು "27, ಎರಡು ಕೋನ್" ಅಂದರೆ ಇವರು ಅದನ್ನೇ ತಿರುಗಿ ಹೇಳಿ ಖಚಿತ ಮಾಡಿಕೊಳ್ಳಬೇಕು. ಅಮೆರಿಕದ ಆ ಕ್ಲಬ್ಬಿನ ನಿಯಮದಲ್ಲಿ ಒಂದು ಕೋನ್ ಬಿದ್ದರೆ, ಅಥವಾ ಸುತ್ತ ಎಳೆದ ಚೌಕದಿಂದ ಪೂರ್ತಿ ಹೊರಗೆ ಹೋದರೆ, 2 ಸೆಕೆಂಡ್ ದಂಡ. ತಾಗಿ ಅಲುಗಾಡಿ ಅಲ್ಲೇ ನಿಂತರೆ ದಂಡವಿಲ್ಲ. ನಾಲ್ಕನೆಯವರು ಎಲ್ಲವನ್ನೂ ಪೆನ್ನಿನಲ್ಲಿ ಕಾಗದದ ಮೇಲೆ ಬರೆಯುವವರು. ಕರೆಂಟು ಹೋಗಲಿ, ಲ್ಯಾಪ್‌ಟಾಪ್ ಕೈಕೊಡಲಿ, ಆ ಕಾಗದ ಉಳಿಯುತ್ತದೆ.

ಹೊಸಬರನ್ನು ನೇರವಾಗಿ ಲ್ಯಾಪ್‌ಟಾಪ್ ಎದುರು ಕೂರಿಸಬಾರದು. ಮೊದಲ ಪಾಳಿ ಬರೀ ನೋಡುವುದು. ಎರಡನೆಯದು ಕಾಗದ. ಮೂರನೆಯದು ನಂಬರು ಹೇಳುವುದು. ಇಷ್ಟಾದ ಮೇಲೆ ಯಂತ್ರ, ಅದೂ ಅನುಭವಿ ಒಬ್ಬರು ಹಿಂದೆ ನಿಂತಿರುವಾಗ.

ಅಭ್ಯಾಸಕ್ಕೆ ಕಾರೇ ಬೇಕೆಂದಿಲ್ಲ. ಮದ್ರಸ ರಜೆಯ ದಿನ ಒಂದು ಶಾಲೆಯ ಮೈದಾನ, ಹತ್ತು ಸೈಕಲು, ಕೋನ್ ಬದಲಿಗೆ ನೀರು ತುಂಬಿದ ಬಾಟಲಿ, ಎರಡು ಮೊಬೈಲು, ನಾಲ್ಕು ಹಾಳೆ. ಕಲಿಸುವವರು ಬೇಕೆಂತಲೇ ಒಬ್ಬ ಹುಡುಗನನ್ನು ಮಧ್ಯದಲ್ಲಿ ಹೊರಗೆ ಕಳಿಸಲಿ. ಒಬ್ಬ ಕೊನೆಯ ಗೆರೆಗೆ ಅಡ್ಡ ನಡೆಯಲಿ. ಒಬ್ಬ ನಂಬರು ತಪ್ಪು ಹೇಳಲಿ. ಕೊನೆಗೆ ಮೊಬೈಲಿನ ಲೆಕ್ಕವೂ ಕಾಗದದ ಲೆಕ್ಕವೂ ತಾಳೆಯಾಗುತ್ತದಾ ನೋಡಿ. ತಾಳೆಯಾಗುವವರೆಗೆ ಪುನಃ ಮಾಡಿ. ನಿಜವಾದ ಉಪಕರಣ ಕೈಗೆ ಬಂದ ದಿನ ಉಳಿಯುವುದು ಪೆಟ್ಟಿಗೆ ನಿಲ್ಲಿಸುವ ಪಾಠ ಮಾತ್ರ.

ಯಾರು ಕೂರಬಹುದು?

ಯಾರೂ ಕೂರಬಹುದು. ಲೈಸನ್ಸ್ ಬೇಡ, ಕಾರು ಬೇಡ, ಗಟ್ಟಿ ಮೈಕಟ್ಟು ಬೇಡ. ಕಾಲು ನೋವಿನ ಹಿರಿಯರು, ಅಂಗಡಿಯ ಲೆಕ್ಕ ಬರೆದು ಕೈ ಪಳಗಿದವರು ಕಾಗದದ ಕುರ್ಚಿಗೆ ಹೇಳಿ ಮಾಡಿಸಿದವರು. ಕಂಪ್ಯೂಟರ್ ಕಲಿಯುತ್ತಿರುವ ನಮ್ಮ ಹೆಣ್ಣು ಮಕ್ಕಳು ಎಷ್ಟು ಮಂದಿ ಇಲ್ಲ! ಮೋಟಾರ್ ಕ್ರೀಡೆ ಗಂಡಸರದ್ದು ಅಂತ ದೂರ ನಿಂತ ಮನೆಗಳಿಗೂ ಈ ಮೇಜು ಒಂದು ಬಾಗಿಲು. ತಾಯಿ ಮಗಳು ಒಟ್ಟಿಗೆ ಕೂತು ಮಾಡಬಹುದಾದ ಕೆಲಸ. ಎರಡು ತಂಡ ಮಾಡಿದರೆ ಲುಹರ್, ಅಸರ್ ನಮಾಝಿಗೆ ಒಬ್ಬರಾದ ಮೇಲೆ ಒಬ್ಬರು ಹೋಗಿಬರಲೂ ತೊಂದರೆ ಇಲ್ಲ.

ಗಲ್ಫಿನಲ್ಲಿರುವ ನಮ್ಮವರಿಗೆ ಇದು ಹತ್ತಿರದ ವಿಷಯ. ಅಬುಧಾಬಿಯ ಯಾಸ್ ಮರೀನಾದಲ್ಲಿ 2009ರಿಂದ ಫಾರ್ಮುಲಾ ವನ್ ನಡೆಯುತ್ತಿದೆ. ಅಲ್ಲಿ ಬಾವುಟ ಹಿಡಿದು ನಿಲ್ಲುವ ಮಾರ್ಷಲ್‌ಗಳು ಸ್ವಯಂಸೇವಕರು, ಅವರಲ್ಲಿ ಅಲ್ಲಿ ದುಡಿಯುವ ಅನಿವಾಸಿಗಳೂ ಇರುತ್ತಾರೆ. 2021ರ ಡಿಸೆಂಬರಿನಲ್ಲಿ ವಿಶ್ವ ಮೋಟಾರ್ ಕ್ರೀಡಾ ಸಂಸ್ಥೆಯ ಅಧ್ಯಕ್ಷರಾಗಿ ಆಯ್ಕೆಯಾದವರೂ ದುಬೈಯವರೇ, ಹಿಂದೆ ರ‍್ಯಾಲಿ ಚಾಲಕರಾಗಿದ್ದ ಮುಹಮ್ಮದ್ ಬಿನ್ ಸುಲಾಯೆಮ್. ಅಲ್ಲಿ ಈ ಕೆಲಸ ಕಲಿತವರು ರಜೆಗೆ ಊರಿಗೆ ಬಂದಾಗ ಒಂದು ದಿನ ನಮ್ಮ ಹುಡುಗರಿಗೆ ಹೇಳಿಕೊಟ್ಟರೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಾ?

ಅಳತೆ ಒಂದು ಅಮಾನತ್

ಸೆಕೆಂಡಿನ ಶಿಸ್ತು ನಮಗೆ ಹೊಸತಲ್ಲ. ರಂಝಾನಿನಲ್ಲಿ ಖರ್ಜೂರ ಕೈಯಲ್ಲಿದ್ದರೂ ಬಾಂಗ್ ಕೇಳುವವರೆಗೆ ಸಣ್ಣ ಮಕ್ಕಳೂ ಬಾಯಿಗೆ ಹಾಕುವುದಿಲ್ಲ. ಅಳತೆ ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸಲು ಕುರ್‌ಆನಿನಲ್ಲಿ ಅಲ್ ಮುತಫ್ಫಿಫೀನ್ ಎಂಬ ಅಧ್ಯಾಯವೇ ಇದೆ. ತಕ್ಕಡಿಗೆ ಸಲ್ಲುವ ಮಾತು ಗಡಿಯಾರಕ್ಕೂ ಸಲ್ಲುತ್ತದೆ ಅಂತ ನಾವು ತಿಳಿದಿದ್ದೇವೆ.

ಆದ್ದರಿಂದ ತರಬೇತಿಯ ಮೊದಲ ಗಂಟೆಯಲ್ಲೇ ನಾಲ್ಕು ಮಾತು ಹೇಳಬೇಕು. ಸಮಯ ಸಿಗದಿದ್ದರೆ ಅಂದಾಜಿನಲ್ಲಿ ಬರೆಯಬಾರದು. ಆ ಚಾಲಕನಿಗೆ ಇನ್ನೊಂದು ಓಟ ಕೊಡಬೇಕು. ತನ್ನ ತಮ್ಮನೋ ಮಾವನ ಮಗನೋ ಓಡಿಸುವಾಗ ಕುರ್ಚಿ ಬಿಟ್ಟು ಏಳಬೇಕು. ತಪ್ಪಾದರೆ ಅಳಿಸಬಾರದು, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಬೇಕು. ಜಗಳ ಮೇಜಿನ ಹತ್ತಿರ ಬೇಡ, ದೂರು ಕೇಳಲು ಒಬ್ಬ ಹಿರಿಯರು ಬೇರೆಯೇ ಇರಲಿ.

ಈ ಶಿಸ್ತು ಇರುವ ಕಡೆ ಹುಡುಗರು ತಾವಾಗಿ ಬರುತ್ತಾರೆ. ಹೆದ್ದಾರಿಯಲ್ಲಿ "ನಾನೇ ಫಾಸ್ಟ್" ಅಂದವನಿಗೆ ಸಾಕ್ಷಿ ಇಲ್ಲ, ಹಾಗಾಗಿ ನಾಳೆ ಪುನಃ ತೋರಿಸಬೇಕಾಗುತ್ತದೆ. ಮೈದಾನದಲ್ಲಿ ಅವನ ವೇಗಕ್ಕೆ ಒಂದು ಅಂಕೆ ಉಂಟು, ಅದನ್ನು ಎಲ್ಲರೂ ನಂಬುತ್ತಾರೆ. ಸೋತರೂ ಎಷ್ಟರಲ್ಲಿ ಸೋತೆ ಅಂತ ಗೊತ್ತಾಗುತ್ತದೆ. ಲೆಕ್ಕದ ಮೇಲೆ ನಂಬಿಕೆ ಹೋದರೆ ಎರಡನೇ ಸಲಕ್ಕೆ ಅವರು ಬರುವುದಿಲ್ಲ. ಪುನಃ ಹೆದ್ದಾರಿಯೇ ಗತಿ.

ರಕ್ತದಾನ ಶಿಬಿರ, ಮೀಲಾದ್ ಮೆರವಣಿಗೆ, ನೆರೆ ಬಂದಾಗ ದೋಣಿ, ಎಲ್ಲದಕ್ಕೂ ನಮ್ಮ ಸಂಘಗಳಲ್ಲಿ ಸ್ವಯಂಸೇವಕರ ಪಟ್ಟಿ ಸಿದ್ಧ ಇರುತ್ತದೆ. ಅದೇ ಪಟ್ಟಿಯಿಂದ ನಾಲ್ಕು ಹೆಸರು ಆರಿಸಿ, ಮುಂದಿನ ರಜೆಯಲ್ಲಿ ಆ ಹತ್ತು ಸೈಕಲು ಮೈದಾನಕ್ಕೆ ಇಳಿಸಿ ನೋಡಿ. ಖರ್ಚು ಬರುವುದು ಚಹಾ ಮತ್ತು ಬನ್ಸ್‌ಗೆ ಮಾತ್ರ.